ಸ್ಕೋಪಿನ ಮೇಲಿನ ಧೂಳು

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ವೆಲ್ಡಿಂಗ್ ಮೆಷಿನ್ ರಿಪೇರಿ ಮಾಡುವವನೊಬ್ಬ ಠಾಣೆಗೆ ಬಂದ. ವೋಲ್ಟೇಜಿನ ಏರಿಳಿತ ತೋರಿಸುವ ತನ್ನ ಆಸಿಲೋಸ್ಕೋಪಿನ ಪವರ್ ವೈರು ಮೂರನೇ ಸಲ ಕಳುವಾಗಿದೆ ಎಂದು ದೂರು ಕೊಟ್ಟ.

"ಸ್ಕೋಪು?" ಇನ್ಸ್‌ಪೆಕ್ಟರ್ ಕೇಳಿದರು.

"ಅಲ್ಲೇ ಇದೆ ಸಾರ್."

"ಆನೆ ಬಿಟ್ಟು ಅಂಕುಶ ಕದ್ದಿದ್ದಾನಾ?"

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ಬೀಗ ಒಡೆದಿರಲಿಲ್ಲ. ಮೇಜು ಕನ್ನಡಿಯಂತೆ ಹೊಳೆಯುತ್ತಿತ್ತು. ಸ್ಕೋಪಿನ ತಗಡಿನ ಮೈಮೇಲೆ ಮಾತ್ರ ಧೂಳು. ಪಕ್ಕದಲ್ಲಿ ಕತ್ತರಿಸಿದ ಹಿತ್ತಾಳೆ ಪಿನ್ನುಗಳು.

"ಇವೇನು?"

"ಪ್ಲಗ್ಗಿನ ಅರ್ತ್ ಪಿನ್ನು. ಅಳೆಯೋಕೆ ಬೋರ್ಡಿಗೆ ಹಿಡಿಯೋ ಪ್ರೋಬಿನ ಕ್ಲಿಪ್ಪು ಒಳಗೆ ಅರ್ತಿಗೇ ಸೇರಿರುತ್ತೆ ಸಾರ್. ಹೈ ವೋಲ್ಟೇಜ್ ಬೋರ್ಡಿಗೆ ಕಚ್ಚಿಸಿದ್ರೆ ಢಮಾರ್! ಅದಕ್ಕೇ ಕತ್ತರಿಸಿದೆ."

"ಕತ್ತರಿಸಿದ ಮೇಲೆ?"

"ಢಮಾರ್ ಅನ್ನಲ್ಲ." ಪಿನ್ನುಗಳನ್ನು ಬದಿಗೆ ಸರಿಸುತ್ತಾ ಸೇರಿಸಿದ: "ಸ್ಕೋಪಿನ ಮೈಗೇ ಕರೆಂಟು ಬರುತ್ತೆ. ನಾನು ಮುಟ್ಟಲ್ಲ."

ಸ್ಕೋಪಿನ ಧೂಳಿಗೆ ಬೆರಳಿಟ್ಟಿದ್ದ ಪೇದೆ ಹೌಹಾರಿ ಬಾಗಿಲವರೆಗೆ ಜಿಗಿದ. ವೈರೇ ಇಲ್ಲವೆಂಬುದು ಅವನಿಗೆ ಆಮೇಲೆ ನೆನಪಾಯಿತು.

"ಬೇರೆ ದಾರಿ ಇಲ್ವಾ?"

"ಡಿಫರೆನ್ಷಿಯಲ್ ಪ್ರೋಬು ಅಂತಿದೆ. ಅದರ ಯಾವ ತುದೀನೂ ಅರ್ತಿಗೆ ಸೇರಿರಲ್ಲ. ನಾಳೆ ತರ್ತೀನಿ."

ಇನ್ಸ್‌ಪೆಕ್ಟರ್ ಧೂಳನ್ನೇ ನೋಡುತ್ತಿದ್ದರು. "ಇಲ್ಲಿ ಒರೆಸೋದು ಯಾರು?"

"ನಮ್ಮತ್ತೆ."

ಅತ್ತೆ ಹೊಲಿಗೆ ಡಬ್ಬಿ ಹಿಡಿದೇ ಬಂದರು. ಕೇಳುವ ಮೊದಲೇ ಮುಚ್ಚಳ ತೆಗೆದರು. ಮೂರೂ ವೈರುಗಳು ಸುರುಳಿ ಸುತ್ತಿ ಮಲಗಿದ್ದವು.

"ಯಾಕಮ್ಮಾ?"

"ಇವನು ಅದನ್ನ ಆನ್ ಮಾಡಿಟ್ಟು ಫೋನಿಗೆ ಎದ್ದು ಹೋಗಿದ್ದ. ಒರೆಸೋಕೆ ಹೋದೆ, ಗೋಡೆಗೆ ಎಸೀತು. ಹೇಳಿದ್ರೆ ರಬ್ಬರ್ ಚಪ್ಪಲಿ ತಂದುಕೊಟ್ಟ, ಮಹಾರಾಯ! ಇವನ ನಾಳೆಗೆ ವರ್ಷ ತುಂಬ್ತು."

ಅಳಿಯ ಕೆಂಪಾದ. "ದೂರು ವಾಪಸ್ ತಗೋತೀನಿ ಸಾರ್."

"ತಗೊಂಡೀಯ ಜೋಕೆ! ಸಾರ್, ನನ್ನನ್ನ ಮಾಲು ಸಮೇತ ಹಿಡ್ಕೊಂಡು ಹೋಗಿ. ಆ ಪ್ರೋಬು ಬರೋವರೆಗೂ ಜಾಮೀನು ಬೇಡ."

ಮಧ್ಯಾಹ್ನ ಬಂಧನವಾಯಿತು. ಠಾಣೆಯ ಬೆಂಚಿನ ಮೇಲೆ ಕೂತ ಆರೋಪಿ, ಪೇದೆಯ ಕಿತ್ತ ಗುಂಡಿ ಹೊಲಿದುಕೊಟ್ಟರು. ಸಂಜೆ ಅಳಿಯ ಪ್ರೋಬು, ಹೊಸ ವೈರು ಎರಡನ್ನೂ ಹಿಡಿದು ಓಡಿಬಂದ. ಅತ್ತೆ ಪ್ರೋಬಿನತ್ತ ತಿರುಗಿಯೂ ನೋಡಲಿಲ್ಲ. ಪ್ಲಗ್ಗಿನ ಪಿನ್ನುಗಳನ್ನು ಬೆರಳಿಂದ ಮುಟ್ಟಿ ಎಣಿಸಿದರು. ಮೂರೂ ಇದ್ದವು. ಆಮೇಲೆ ಎದ್ದರು.

ವರದಿಯಲ್ಲಿ ಕೃತ್ಯದ ಕಾರಣ ಬರೆಯುವುದು ಬಾಕಿಯಿತ್ತು. ಇನ್ಸ್‌ಪೆಕ್ಟರ್ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ ಬರೆದರು: "ಆರೋಪಿಗೆ ಒಬ್ಬಳೇ ಮಗಳು. ಮಗಳಿಗೆ ಒಬ್ಬನೇ ಗಂಡ."