ನೂರರಲ್ಲಿ ಒಬ್ಬಳು

ಗೋಧಿ ಹುಗ್ಗಿಯ ತುತ್ತು ತುಟಿಯ ಹತ್ತಿರ ಬಂದಿತ್ತು. ಮಲ್ಲೇಶ್ವರಿ ಮುಖ ತಿರುಗಿಸಿಬಿಟ್ಟಳು!

ಕುಕನೂರಿನ ಅವಳ ಮನೆಯ ಪಡಸಾಲೆಯಲ್ಲಿ ತುಂಬಿದ್ದ ನೆಂಟರೆಲ್ಲ ಕತ್ತೆತ್ತಿ ನೋಡಿದರು. ನಿಶ್ಚಯದ ದಿನ ಗಂಡು ತಿನ್ನಿಸುವ ಮೊದಲ ತುತ್ತು ಅದು. ಅದನ್ನು ಬೇಡವೆಂದರೆ ಹುಡುಗನೇ ಬೇಡವೆಂದ ಹಾಗೆ. ಈ ಮನೆತನಗಳಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ.

ಪ್ರಭುರಾಜನ ಕೈ ಅಲ್ಲೇ ನಿಂತಿತು. ಕುಷ್ಟಗಿಯಲ್ಲಿ ಬೀಜದ ಅಂಗಡಿ ಇಟ್ಟಿದ್ದ ಹುಡುಗ. ಮಾತು ಕಡಿಮೆ, ಮಾನ ಜಾಸ್ತಿ.

“ಒಂದ ತುತ್ತು ನುಂಗವಾ...” ತಾಯಿ ಪಾರ್ವತೆಮ್ಮ ಕಿವಿಯಲ್ಲಿ ಬೇಡಿಕೊಂಡಳು.

ಹೇಗೆ ನುಂಗಲಿ? ಅವಳಿಗಿದ್ದದ್ದು ಸೀಲಿಯಾಕ್ ಕಾಯಿಲೆ. ಗೋಧಿಯ ಒಂದು ಕಣ ಒಳಗೆ ಹೋದರೂ ಕರುಳೇ ಹಾಳಾಗುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಆರು ವರ್ಷದ ಹಿಂದೆಯೇ ಹೇಳಿದ್ದರು. ‘ಮದುವೆಯಾದ ಮೇಲೆ ಹೇಳಿದರಾಯಿತು’ ಎಂದು ತಾಯಿ ಬಾಯಿ ಮುಚ್ಚಿಸಿದ್ದಳು.

“ಮನಸ್ಸಿಲ್ಲದ ಹುಡುಗಿಗೆ ಜುಲುಮಿ ಬ್ಯಾಡ್ರಿ,” ಎಂದು ಪ್ರಭುರಾಜ ಎದ್ದು ಹೋದ.

ಅಯ್ಯೋ, ಮನಸ್ಸಿಲ್ಲವೇ? ಬಂದ ಕೂಡಲೇ ಅವನು ಬಾಗಿಲಲ್ಲಿ ಬಗ್ಗಿ, ಚೆಲ್ಲಾಪಿಲ್ಲಿಯಾಗಿದ್ದ ಎಲ್ಲರ ಚಪ್ಪಲಿ ಜೋಡಿಸಿಟ್ಟಾಗಲೇ ಅವಳ ಮನಸ್ಸು ಅವನ ಕಡೆ ಹೋಗಿತ್ತಲ್ಲ!

ಮೂರು ದಿನ ಅತ್ತಳು. ನಾಲ್ಕನೆಯ ದಿನ ಶಾಲೆಗೆ ರಜೆ ಹಾಕಿ ಈ ಟೀಚರಮ್ಮ ಕುಷ್ಟಗಿಯ ಬಸ್ ಹತ್ತಿಯೇಬಿಟ್ಟಳು.

ಅವನು ಅಂಗಡಿಯಲ್ಲಿ ಒದ್ದೆ ಬಟ್ಟೆಯ ಮೇಲೆ ನವಣೆ ಕಾಳು ಇಡುತ್ತಿದ್ದ. ಬೀಜ ಮಾರುವ ಮೊದಲು ನೂರು ಕಾಳಿಟ್ಟು, ಎಷ್ಟು ಮೊಳಕೆಯೊಡೆಯುತ್ತವೆ ಎಂದು ಎಣಿಸುವುದು ಅವನ ರೂಢಿ.

“ನೀವು ಬ್ಯಾಡಂತಲ್ರಿ... ನನಗ ಗೋಧಿ ಬ್ಯಾಡ!” ಎಂದವಳೇ ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಅವನು ಕೈಯಲ್ಲಿದ್ದ ಕಾಳು ಕೆಳಗಿಟ್ಟ. ಫೋನ್ ಹಿಡಿದು ಹೊರಗೆ ಹೋದ. ಕಾಲು ಗಂಟೆಯಾಯಿತು... ಅರ್ಧ ಗಂಟೆಯಾಯಿತು...

‘ರೋಗದ ಹುಡುಗಿ ಅಂತ ಗೊತ್ತಾಯಿತು. ಮುಗಿಯಿತು.’ ಕಣ್ಣೊರೆಸಿಕೊಂಡು ಅವಳು ಬಸ್ ನಿಲ್ದಾಣದ ಕಡೆ ಹೊರಟಳು.

“ನಿಲ್ರಿ!”

ಪ್ರಭುರಾಜ ಓಡಿ ಬರುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು.

“ಪರಿಚಯದ ಡಾಕ್ಟರಿಗೆ ಫೋನ್ ಹಚ್ಚಿದ್ದೆ. ನಿಮಗ ಗೊತ್ತೈತೇನ್ರಿ, ಜಗತ್ತಿನಾಗ ಹೆಚ್ಚುಕಮ್ಮಿ ನೂರು ಮಂದ್ಯಾಗ ಒಬ್ಬರಿಗೆ ಇದು ಐತಂತ!”

“ಸುಳ್ಳು! ನನಗೊಬ್ಬಾಕಿಗೇ ಅಂತ...”

“ನಮ್ಮ ಕಡೆ ಕಮ್ಮಿ ಅಂತ. ಆದ್ರ ಇಡೀ ಜಗತ್ತು ಹಿಡಿದ್ರ ಎಂಟು ಕೋಟಿ ಆಗತೈತ್ರಿ. ನಮ್ಮ ಕರ್ನಾಟಕದ ಮಂದೀನೆಲ್ಲ ಕೂಡಿಸಿದ್ರೂ ಅಷ್ಟಾಗಂಗಿಲ್ಲ! ಅದ್ರಾಗ ಭಾಳ ಮಂದಿಗೆ ತಮಗ ಐತಿ ಅಂತನ ಗೊತ್ತಿಲ್ಲಂತ.”

ಮಲ್ಲೇಶ್ವರಿ ರಸ್ತೆಯಲ್ಲೇ ನಿಂತುಬಿಟ್ಟಳು. ಆರು ವರ್ಷ ಎಲ್ಲರ ಮದುವೆಯೂಟದಲ್ಲಿ ಮೂಲೆಗೆ ಕೂತು, ಮನೆಯಿಂದ ತಂದ ಜೋಳದ ರೊಟ್ಟಿ ತಿಂದವಳು ಅವಳು. ಮಕ್ಕಳಿಗೆ ನಕಾಶೆಯಲ್ಲಿ ತೋರಿಸುವ ಆ ದೂರದ ದೇಶಗಳಲ್ಲೂ ಯಾರೋ ಹೀಗೇ ಮುಖ ತಿರುಗಿಸುತ್ತಿದ್ದಾರೆ! ಎಂಟು ಕೋಟಿ ಜನ... ಅವಳ ಮೈ ಜುಮ್ಮೆಂದಿತು.

“ನೂರು ಕಾಳು ಎಣಿಸೋದು ನನ್ನ ದಿನದ ಕೆಲಸ,” ಅವನ ದನಿ ಮೆತ್ತಗಾಯಿತು. “ಆ ನೂರರಾಗಿನ ಒಬ್ಬಾಕಿ ನನ್ನ ಮನೀಗೆ ಬರತಾಳಂತ ಗೊತ್ತಿರಲಿಲ್ಲ. ಬರತೀರಲ್ಲ?”

ಅವಳು ತಲೆಯಾಡಿಸಿದಳು.

ಮುಂದಿನ ಭಾನುವಾರ ಅದೇ ನೆಂಟರು, ಅದೇ ಪಡಸಾಲೆ. ಪ್ರಭುರಾಜ ಡಬ್ಬಿ ತೆರೆದ. ಅದರಲ್ಲಿ ಘಮಘಮಿಸುವ ನವಣೆ ಹುಗ್ಗಿ ಇತ್ತು.

“ಪಾತ್ರಿ...?” ಅವಳು ಅಂಜುತ್ತಲೇ ಕೇಳಿದಳು.

“ಹೊಸಾದು. ಸೌಟೂ ಹೊಸಾದು. ಅವ್ವ ಅಡಗಿಮನಿ ಪೂರಾ ತೊಳೆದು, ಗೋಧಿ ಹಿಟ್ಟಿನ ಡಬ್ಬಿ ಮಗ್ಗಲ ಮನಿಗೆ ಕೊಟ್ಟು ಬಂದಾಳ.”

ತುತ್ತು ತುಟಿಯ ಹತ್ತಿರ ಬಂತು. ಮಲ್ಲೇಶ್ವರಿ ಬಾಯಿ ತೆರೆದಳು. ಕಣ್ಣು ತುಂಬಿ ಹರಿಯಿತು.

“ಯಾಕ್ರಿ... ಬೆಲ್ಲ ಕಮ್ಮಿ ಆಗೈತೇನು?” ಅವನು ಗಾಬರಿಯಾದ.

“ಇನ್ನೊಂದು ತುತ್ತು ಕೊಡ್ರಿ, ಹೇಳತೀನಿ!”