ಸೀಸದ ಗೊಂಬೆ ಬಿದ್ದ ಹೊಂಡ

"ಮಳೆ ಬಂದ್ಮೇಲೆ ಒಂದು ವಾರ ಈ ನೀರು ಕುಡೀಬೇಡಮ್ಮ. ಇದರಲ್ಲಿ ಮಾಟ ಇದೆ," ಎಂದಳು ಊರಂಚಿನ ಬುಗ್ಗೆಯ ಬಳಿ ಕೂತಿದ್ದ ಅಜ್ಜಿ.

ನೀರು ಪರೀಕ್ಷೆ ಮಾಡಲು ಆ ಊರಿಗೆ ಹೊಸದಾಗಿ ಬಂದಿದ್ದ ಹೆಂಗಸು ಬಾಟಲಿ ತುಂಬಿಸುತ್ತ ನಕ್ಕಳು. "ಮಾಟ ಇದ್ರೆ ಈ ಬಾಟಲೀಲಿ ಸಿಗುತ್ತೆ ಬಿಡಿ ಅಜ್ಜಿ. ಹಿಡಿದು ಮುಚ್ಚಳ ಹಾಕಿಬಿಡ್ತೀನಿ."

ಅಜ್ಜಿ ನಗಲಿಲ್ಲ. ಗುಡ್ಡದಾಚೆ ಪಾಳುಬಿದ್ದ ಸೀಸದ ಕುಲುಮೆಯತ್ತ ಕೈ ತೋರಿಸಿದಳು. ಅಲ್ಲಿ ದುಡಿದವರ ಮಕ್ಕಳು ಒಬ್ಬೊಬ್ಬರಾಗಿ ಬಾಡಿ ಸತ್ತಿದ್ದರು, ಅಜ್ಜಿಯ ಮಗನೂ. ಅವನನ್ನು ಮಣ್ಣು ಮಾಡಿ ಬಂದ ದಿನವೇ ಅವಳು ಸೀಸ ಕರಗಿಸಿ ಗೊಂಬೆ ಮಾಡಿ, ಕುಲುಮೆಯ ಧಣಿಯ ಹೆಸರು ಹೇಳಿ, ಅದಿರು ಕರಗಿಸಿ ಉಳಿದ ಕಿಟ್ಟದ ರಾಶಿಯ ಪಕ್ಕದ ತಳ ಕಾಣದ ಹೊಂಡಕ್ಕೆ ಎಸೆದಿದ್ದಳು. ಧಣಿ ಅಷ್ಟರಲ್ಲೇ ಬೀಗ ಜಡಿದು ಊರು ಬಿಟ್ಟಿದ್ದ.

"ಶಾಪಕ್ಕೆ ವಿಳಾಸ ಗೊತ್ತಾಗಲ್ಲಮ್ಮ. ನೀರು ಹೋದ ಕಡೆ ಹೋಗುತ್ತೆ."

ಅದು ಬಿರುಬೇಸಿಗೆ. ಬಾಟಲಿಯ ನೀರಿನಲ್ಲಿ ದೋಷವೇನೂ ಸಿಗಲಿಲ್ಲ. ಒಂದೇ ಪರೀಕ್ಷೆ ಸಾಕೆಂದುಕೊಂಡಳು ಮಹಾತಾಯಿ. 'ಕುಡಿಯಲು ಯೋಗ್ಯ' ಎಂದು ಹಲಗೆ ಬರೆಸಿ, ಕೆಳಗೆ ತನ್ನ ಹೆಸರು ಹಾಕಿಸಿ, ಬುಗ್ಗೆಯ ಬಳಿ ನೆಡಿಸಿದಳು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಅವಳಲ್ಲಿ ಅದು ತಿರುಗಾಮುರುಗಾ ಆಗಿತ್ತು. ಆಗಷ್ಟೇ ಓದಲು ಕಲಿತಿದ್ದ ಆರು ವರ್ಷದ ಮಗಳು ಬಂದಾಗಲೆಲ್ಲ ಹಲಗೆಗೆ ಬೆರಳಿಟ್ಟು ಅಮ್ಮನ ಹೆಸರನ್ನು ಜೋರಾಗಿ ಓದುತ್ತಿದ್ದಳು. ಓದಿದ ಮೇಲೆಯೇ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು.

ಮಳೆ ಬಂತು. ಊರಿನವರೆಲ್ಲ ಕೊಡ ಕವುಚಿಟ್ಟು, ಮೊದಲೇ ತುಂಬಿಟ್ಟ ತೊಟ್ಟಿಯ ನೀರಿನಲ್ಲಿ ವಾರ ದೂಡಿದರು. ಬುಗ್ಗೆಯಿಂದ ನೀರು ಹೊತ್ತದ್ದು ಒಂದೇ ಮನೆ. ಮಳೆ ಬಂದಾಗಲೆಲ್ಲ ಇದೇ ಕತೆ.

ಮೊದಲು ಮಗುವಿಗೆ ಹೊಟ್ಟೆನೋವು. ಆಮೇಲೆ ಊಟ ಸೇರದಾಯಿತು. ಆಮೇಲೆ ಅಕ್ಷರಗಳು ಜಾರತೊಡಗಿದವು. "ಅ, ಆ, ಇ, ಈ..." ಅಲ್ಲಿಗೆ ನಿಂತು ಅಮ್ಮನ ಮುಖ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಹಲ್ಲುಜ್ಜಿಸುವಾಗ ಒಸಡಿನ ಅಂಚಿಗೆ ನೀಲಿ ಗೆರೆ ಕಂಡಿತು. ಮೈಗೆ ಸೀಸ ಸೇರಿದ ಗುರುತು.

"ಜೀವಕ್ಕೆ ಭಯ ಇಲ್ಲ," ಎಂದರು ವೈದ್ಯರು. "ಆದ್ರೆ ಹೋಗಿದ್ದು ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ."

ಊರಿಗೆ ಮರಳಿದವಳೇ ನೀರಿನ ಜಾಡು ಹಿಡಿಯಲು ಆ ಹೊಂಡಕ್ಕೆ ಹಸಿರು ಬಣ್ಣ ಸುರಿದಳು. ಮಧ್ಯಾಹ್ನದ ಹೊತ್ತಿಗೆ ಬುಗ್ಗೆ ಹಸಿರಾಯಿತು. ಸುಣ್ಣಕಲ್ಲಿನ ಗುಡ್ಡ, ಒಳಗೆಲ್ಲ ಜರಡಿ. ಕಿಟ್ಟ ತೊಳೆದ ಮಳೆನೀರು ಹೊಂಡಕ್ಕಿಳಿದು ಬುಗ್ಗೆಯಲ್ಲಿ ಏಳುತ್ತಿತ್ತು. ಬೇಸಿಗೆಯಲ್ಲಿ ಕಿಟ್ಟ ತೊಳೆಯಲು ಮಳೆಯೇ ಇರಲಿಲ್ಲ. ಇಷ್ಟು ತಿಳಿಯಲು ಮಗುವನ್ನು ತೆರಬೇಕಾಯಿತೇ?

ಎಲ್ಲವೂ ಅರ್ಥವಾಗಿತ್ತು. ಆದರೂ ಮಾಟ ನಂಬದವಳು ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ಕಲ್ಲಿಗೆ ಕಟ್ಟಿ ಅಜ್ಜಿಯ ಕೈಗೂ ಕೊಟ್ಟು, ಗೊಂಬೆ ಹುಡುಕಲು ನೀರು ಬಸಿದ ಹೊಂಡಕ್ಕೆ ಇಳಿದಳು. ತಾಯಿಯಲ್ಲವೇ.

ಸುಟ್ಟ ಲೋಹದ ಕಮಟು. ತೊಟ್ಟಿಕ್ಕುವ ನೀರು. ನಾಲಿಗೆಯ ಮೇಲೆ ಒಗರು. ಟಾರ್ಚ್ ಮಂಕಾಯಿತು. ಕೈಗೆ ಒಂದು ಗೊಂಬೆ ತಗುಲಿತು. ಪಕ್ಕದಲ್ಲಿ ಇನ್ನೊಂದು. ಇನ್ನೂ ಒಂದು. ಕಾಲಡಿಯೆಲ್ಲ ಗೊಂಬೆಗಳೇ. ಊರಿನ ಎಲ್ಲ ತಾಯಂದಿರೂ ಎಸೆದಿದ್ದರು. ಟಾರ್ಚ್ ಆರಿತು. ಕತ್ತಲು. ಆಗ ಯಾರೋ ಉಸಿರೆಳೆದರು. ಎಳೆಯ ದನಿ. "ಅ." ಇನ್ನೊಂದು ದನಿ. "ಆ." ಹತ್ತಾರು ದನಿ. "ಇ, ಈ..." ನಿಂತವು. ಅವಳು ಮುಂದಿನದನ್ನು ಹೇಳಲೆಂದು ಕಾದವು. ಹಗ್ಗ ಜಗ್ಗಿದಳು. ಎಡವಿದಳು. ಹತ್ತಿದಳು.

ಮೇಲೆ ಬಂದಾಗ ಮುಷ್ಟಿಯಲ್ಲಿ ಒಂದು ಗೊಂಬೆ ಉಳಿದಿತ್ತು. ಅದನ್ನೇ ನೋಡುತ್ತ ನಿಂತವಳ ಕಣ್ಣು ಕೆಂಪಗಾಯಿತು.

"ಬೇಡ ಮಗಳೇ," ಎಂದು ಅಜ್ಜಿ ಅತ್ತಳು. "ಧಣಿ ಹೆಸರು ನಾವೆಲ್ಲ ಹೇಳಿ ಮುಗೀತು. ಅವನಿಗೇನೂ ತಟ್ಟಲಿಲ್ಲ."

"ಧಣಿ ಹೆಸರಲ್ಲ ಅಜ್ಜಿ. ನನ್ನ ಮಗೂಗೆ ಈ ನೀರು ಒಳ್ಳೇದು ಅಂತ ಹೇಳಿ ಕುಡಿಸಿದವರ ಹೆಸರು."

ಗೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬುಗ್ಗೆಗೆ ಇಳಿದು ಬಂದಳು. ಅಲ್ಲಿ ಮಗಳು ಹಲಗೆಯ ಮುಂದೆ ನಿಂತು, ಕೊನೆಯ ಸಾಲಿಗೆ ಬೆರಳಿಟ್ಟು ತಡವರಿಸುತ್ತಿದ್ದಳು. ಅಮ್ಮನನ್ನು ಕಂಡು ತಿರುಗಿದಳು.

"ಅಮ್ಮಾ, ಇದು ಯಾರ ಹೆಸರು?"