ಇನ್ನೊಂದು ಕಿವಿಯ ಓಲೆ

ಜನವರಿಯಲ್ಲಿ ಹಿಮದೊಳಗೆ ಕಳೆದುಹೋಗಿದ್ದ ಮೇರಿಮಳ ಬೆಳ್ಳಿ ಓಲೆ ಜೂನ್ ತಿಂಗಳ ಬಿಸಿಲಲ್ಲಿ ಎರ್ಮೆಕ್‌ನ ಅಂಗೈಯಲ್ಲಿ ಹೊಳೆಯುತ್ತಿತ್ತು.

ಎರ್ಮೆಕ್ ಚಳಿಗಾಲದಲ್ಲಿ ಬೆಟ್ಟದ ಮೇಲೆ ಸ್ಕೀ ಕಲಿಸುವವನು, ಬೇಸಿಗೆಯಲ್ಲಿ ಕೆಳಗೆ ಇಸಿಕ್-ಕುಲ್ ಸರೋವರದಲ್ಲಿ ದೋಣಿ ನಡೆಸುವವನು. ಮೇರಿಮ್ ರಾಜಧಾನಿ ಬಿಷ್ಕೆಕ್‌ನ ಹಲ್ಲಿನ ಡಾಕ್ಟರು. ಸೆಪ್ಟೆಂಬರಿನಲ್ಲಿ ಬೆಟ್ಟ ಹತ್ತಲು ಬಂದಳು, ಜನವರಿಯಲ್ಲಿ ಸ್ಕೀ ಆಡಲು, ಏಪ್ರಿಲ್‌ನಲ್ಲಿ ಕುದುರೆ ಸವಾರಿಗೆ, ಈಗ ಈಜಲು. ಗೆಳತಿಯರು ಕೇಳಿದರೆ ಅಲ್ಲಿಯ ಹವೆ ತನಗೆ ಒಗ್ಗುತ್ತದೆ ಅನ್ನುತ್ತಿದ್ದಳು.

"ಎಲ್ಲಿ ಸಿಕ್ತು?"

"ಸ್ಕೀ ಲಿಫ್ಟಿನ ಮೂರನೇ ಕಂಬದ ಹತ್ರ. ಹಿಮ ಕರಗಿದ ಮೇಲೆ ದಿನಾ ಒಂದು ಸುತ್ತು ಹೋಗ್ತಿದ್ದೆ."

"ದಿನಾನಾ?"

ಅವನು ದೋಣಿಯ ಹಗ್ಗ ಬಿಚ್ಚುವುದರಲ್ಲಿ ಮುಳುಗಿದ. ಕಿವಿಗಳು ಮಾತ್ರ ಕೆಂಪಾಗಿದ್ದವು. ಅಜ್ಜಿಯ ಕಥೆಗಳಲ್ಲಿ ಕಳೆದ ಒಡವೆ ತಾನಾಗಿ ಬರುತ್ತಿರಲಿಲ್ಲ, ಯಾರಾದರೂ ಏಳು ಬೆಟ್ಟ ದಾಟಿ ತರಬೇಕಿತ್ತು. ಮೇರಿಮ್‌ಗೆ ಅದು ನೆನಪಾಗಿ ನಗು ಬಂತು.

ಆಗಷ್ಟೇ ನೀರಿನಿಂದ ಮೇಲೆ ಬಂದಿದ್ದ ಅವಳ ಬೆರಳುಗಳು ಮರಗಟ್ಟಿದ್ದವು, ಓಲೆಯ ಕೊಂಡಿ ಕೂರಲೇ ಇಲ್ಲ. ಎರ್ಮೆಕ್‌ನ ಕೈತುಂಬ ಎಂಜಿನ್ ಎಣ್ಣೆ. ಲೈಫ್ ಜಾಕೆಟ್ ಒಣಹಾಕುತ್ತಿದ್ದ ಅವನ ತಾಯಿ ಗುಲ್ಬಾರಾ, ಇಷ್ಟು ಚಿಕ್ಕ ಕೆಲಸಕ್ಕೆ ಇಬ್ಬರು ಸಾಲದೇ ಎಂದು ಗೊಣಗುತ್ತ ಬಂದು ತಾನೇ ಹಾಕಿದಳು.

ಕೊಂಡಿ ಕೂತ ಮೇಲೆ ಗುಲ್ಬಾರಾಗೆ ತಾನೇನು ಮಾಡಿದೆನೆಂದು ಹೊಳೆಯಿತು. ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು.

ಆ ಸೀಮೆಯಲ್ಲಿ ಹುಡುಗನ ತಾಯಿ ಹುಡುಗಿಯ ಕಿವಿಗೆ ಓಲೆ ಹಾಕಿದಳೆಂದರೆ ಮದುವೆ ಗೊತ್ತಾಯಿತೆಂದೇ ಲೆಕ್ಕ. ಇಪ್ಪತ್ತು ಹೆಜ್ಜೆ ಆಚೆ ಹೊಗೆಯಾಡಿಸಿದ ಮೀನು ಮಾರುತ್ತಿದ್ದ ತುರ್ಸುನ್ ಎಲ್ಲವನ್ನೂ ಕಣ್ತುಂಬ ನೋಡಿದ್ದಳು. ಅವಳೊಬ್ಬಳು ನೋಡಿದರೆ ಸಾಕಿತ್ತು.

ಸಂಜೆಯ ಚಹಾದ ಹೊತ್ತಿಗೆ ಮೇರಿಮ್ ಇಳಿದುಕೊಂಡಿದ್ದ ವಸತಿಗೃಹದ ಯಜಮಾನಿ ಶುಭಕಾರ್ಯಕ್ಕೆ ಕರಿಯುವ ಹಿಟ್ಟಿನುಂಡೆ ಬೊರ್ಸೋಕ್‌ ಅನ್ನು ತಟ್ಟೆ ತುಂಬ ಕಳಿಸಿದಳು. ಏಪ್ರಿಲ್‌ನಲ್ಲಿ ಸವಾರಿ ಮಾಡಿಸಿದ್ದ ಕುದುರೆಯವನು ಮದುವೆ ಸುಗ್ಗಿಗೆ ಮೊದಲೋ ಆಮೇಲೋ ಎಂದು ವಿಚಾರಿಸಿದ. ಮೇರಿಮ್ ಎಲ್ಲರಿಗೂ ನಕ್ಕಳು. ಒಬ್ಬರಿಗೂ ಇಲ್ಲ ಅನ್ನಲಿಲ್ಲ. ಹಾಗೆ ಅನ್ನಲು ಮನಸ್ಸಿಲ್ಲ ಎನ್ನುವುದು ಅವಳಿಗೇ ಆಗ ಗೊತ್ತಾಯಿತು.

ಇಲ್ಲ ಎಂದವನು ಎರ್ಮೆಕ್. ಓಲೆ ಅವಳದೇ, ಅಮ್ಮ ಸಿಕ್ಕಿಸಿಕೊಟ್ಟಳು ಅಷ್ಟೇ ಎಂದು ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದನಂತೆ. ಆ ಸುದ್ದಿಯೂ ಬೊರ್ಸೋಕ್‌ನಷ್ಟೇ ಬಿಸಿಯಾಗಿ ಬಂತು. ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಅವಳ ಬಸ್ಸು. ಅಷ್ಟರೊಳಗೆ ಅವನ ಮನಸ್ಸೇನೆಂದು ಅವನ ಬಾಯಿಂದಲೇ ಕೇಳಬೇಕಿತ್ತು.

ಹತ್ತಕ್ಕೆ ಹತ್ತು ನಿಮಿಷವಿರುವಾಗ ಚೀಲ ಹೆಗಲಿಗೇರಿಸಿ ನೇರ ದೋಣಿಕಟ್ಟೆಗೇ ನಡೆದಳು.

"ಊರೆಲ್ಲ ಸುತ್ತಿ ಇಲ್ಲ ಅಂದ್ಯಂತೆ."

"ನಿಮ್ಮ ಹೆಸರು ಯಾರ ಬಾಯಿಗೂ ಬೀಳಬಾರದು ಅಂತ."

"ನನ್ನ ಹೆಸರು ನಾನು ನೋಡ್ಕೋತೀನಿ. ನಿನ್ನ ಮನಸ್ಸಲ್ಲೂ ಇಲ್ವಾ? ಅದನ್ನ ಹೇಳು."

ಅವನು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. ಮೊದಲ ಸಲ ನೆಟ್ಟಗೆ ನೋಡಿದ.

"ಅಮ್ಮ ಓಲೆ ಹಾಕ್ತಿದ್ದಾಗ ಆ ಕೊಂಡಿ ಬೇಗ ಕೂರದೇ ಇರ್ಲಿ ಅಂದ್ಕೊಂಡೆ. ಆದ್ರೆ ನಿಮ್ಮನ್ನ ಕೇಳದೆ ಊರು ತೀರ್ಮಾನ ಮಾಡೋದು ನನಗೆ ಬೇಡವಾಗಿತ್ತು."

ಅವಳು ಹೆಗಲ ಚೀಲವನ್ನು ಕೆಳಗಿಳಿಸಿದಳು.

"ಹಾಗಾದ್ರೆ ಕೇಳು."

"ಇಲ್ಲೇನಾ? ತುರ್ಸುನಕ್ಕ ನೋಡ್ತಿದಾಳೆ."

"ನೋಡ್ಲಿ ಬಿಡು. ಪಾಪ, ನಿನ್ನೆ ಅರ್ಧವೇ ನೋಡಿದ್ದು."

ಎರ್ಮೆಕ್ ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಮೇರಿಮ್, ನನ್ನ ಮದುವೆ ಆಗ್ತೀಯಾ?"

ಒಂಬತ್ತು ತಿಂಗಳು 'ನೀವು' ಆಗಿದ್ದವಳು ಒಂದು ಉಸಿರಿನಲ್ಲಿ 'ನೀನು' ಆಗಿದ್ದಳು. ಅವಳು ಆಚೆ ಲೈಫ್ ಜಾಕೆಟ್ ಮಡಚುತ್ತಿದ್ದ ಗುಲ್ಬಾರಾಳ ಬಳಿ ಹೋಗಿ, ಜನವರಿಯಿಂದ ಪರ್ಸಿನಲ್ಲಿ ಒಂಟಿಯಾಗಿದ್ದ ಇನ್ನೊಂದು ಓಲೆ ತೆಗೆದು ಆ ಅಂಗೈಯಲ್ಲಿಟ್ಟಳು. ಕೂದಲು ಸರಿಸಿ ಬರಿಗಿವಿಯನ್ನು ಮುಂದೆ ಒಡ್ಡಿದಳು.

"ನಿನ್ನೆ ಒಂದೇ ಕಿವಿಗೆ ಹಾಕಿದ್ರಿ, ಅತ್ತೆ."

ಮೀನಿನ ಅಂಗಡಿಯಲ್ಲಿ ತುರ್ಸುನ್ ತಕ್ಕಡಿ ಬಿಟ್ಟು ಎದ್ದು ನಿಂತಳು. ಮೇಲಿನ ರಸ್ತೆಯಲ್ಲಿ ಬಿಷ್ಕೆಕ್ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೊರಟೇ ಹೋಯಿತು.

ಗುಲ್ಬಾರಾ ಒಮ್ಮೆ ಓಲೆಯನ್ನು, ಒಮ್ಮೆ ಮಗನನ್ನು ನೋಡುತ್ತಿದ್ದಳು, ಕೊಂಡಿ ಬೇಗ ಕೂರಲಿಲ್ಲ. ಎರ್ಮೆಕ್‌ಗೆ ಅವಸರವೇನೂ ಇರಲಿಲ್ಲ.